ಡಿಮೀಟರ್ ಮಗಳು ಪಾತಾಳಕ್ಕೆ ಹೋಗೋದು ಚಳಿಗಾಲದಲ್ಲೋ ಬೇಸಿಗೆಯಲ್ಲೋ?

ಬೆಳ್ಳಿಚುಕ್ಕಿ
ನಮಸ್ಕಾರ ಎಲ್ರಿಗೂ. ಒಂದು ಡೌಟು ತುಂಬಾ ದಿನದಿಂದ ತಲೆ ಕೊರೀತಿದೆ. ಮಗಳಿಗೆ ಒಂದು ಮಕ್ಕಳ ಪುಸ್ತಕದಿಂದ ಡಿಮೀಟರ್ ಕಥೆ ಓದಿ ಹೇಳ್ತಿದ್ದೆ. ಗ್ರೀಕರ ಬೆಳೆ ದೇವತೆ, ಅವಳ ಮಗಳು ಪರ್ಸೆಫೊನಿನ ಪಾತಾಳದ ರಾಜ ಹೇಡೀಸ್ ಹೊತ್ಕೊಂಡ್ ಹೋಗ್ತಾನೆ, ಅಮ್ಮ ಕೊರಗಿ ಕೊರಗಿ ಭೂಮಿನೆಲ್ಲ ಬಂಜರು ಮಾಡ್ತಾಳೆ, ಕೊನೆಗೆ ರಾಜಿ ಆಗಿ ಮಗಳು ವರ್ಷದಲ್ಲಿ ಸ್ವಲ್ಪ ತಿಂಗಳು ಕೆಳಗೆ ಸ್ವಲ್ಪ ತಿಂಗಳು ಮೇಲೆ, ಅವಳು ಕೆಳಗಿದ್ದಾಗ ಚಳಿಗಾಲ ಅಂತ. ಅಲ್ಲೀತನಕ ಓಕೆ. ಆದ್ರೆ ಹೋದ್ ವರ್ಷ ಜುಲೈನಲ್ಲಿ ಆಫೀಸ್ ಕೆಲಸಕ್ಕೆ ಅಥೆನ್ಸ್‌ಗೆ ಹೋಗಿದ್ದೆ, ಒಂದಿನ ಬಿಡುವು ಸಿಕ್ತು ಅಂತ ಊರಾಚೆ ಹೋದ್ರೆ ಬೆಟ್ಟ ಬಯಲು ಎಲ್ಲ ಸುಟ್ಟ ಹಪ್ಪಳದ ಬಣ್ಣ, ಕಾಲಿಟ್ಟ ಕಡೆ ಹುಲ್ಲು ಪುಡಿಪುಡಿ. ಚಳಿಗಾಲದಲ್ಲಿ ಬನ್ನಿ, ಮಳೆ ಬಂದು ಹೊಲ ಎಲ್ಲ ಹಸಿರಾಗಿರತ್ತೆ ಅಂದ ಟ್ಯಾಕ್ಸಿಯವನು. ಹಂಗಾದ್ರೆ ಅಮ್ಮ ಕೊರಗೋ ಕಾಲ ಯಾವುದು? ಕಥೆ ಉಲ್ಟಾ ಆಯ್ತಲ್ವಾ? ಗೊತ್ತಿರೋರು ಹೇಳಿ.

ಮೈಸೂರ್ಪಾಕು
ಕಥೆ ಬರೆದೋನು ಸ್ವೆಟರ್ ಹಾಕ್ಕೊಂಡಿದ್ದ ಅನ್ಸತ್ತೆ 😄

ಹಳೇಪುಸ್ತಕದಹುಳ
@ಬೆಳ್ಳಿಚುಕ್ಕಿ ಒಳ್ಳೇ ಪ್ರಶ್ನೆ, ಇದ್ರ ಮೇಲೆ ನೂರು ವರ್ಷದಿಂದ ಪಂಡಿತರು ಕಿತ್ತಾಡ್ತಿದಾರೆ. ನೀವು ನೋಡಿದ್ದು ಸರೀನೇ. ಅಲ್ಲಿ ಗೋಧಿ, ಜವೆಗೋಧಿ (ಬಾರ್ಲಿ) ಬಿತ್ತೋದು ಅಕ್ಟೋಬರ್-ನವೆಂಬರ್‌ನಲ್ಲಿ, ಮೊದಲ ಮಳೆ ಬಿದ್ಮೇಲೆ. ಚಳಿಗಾಲ ಪೂರ್ತಿ ಪೈರು ಬೆಳೀತಿರತ್ತೆ, ಮೇ-ಜೂನ್‌ಗೆ ಕೊಯ್ಲು, ಅದಾದ್ಮೇಲೆ ಮೂರ್ನಾಲ್ಕು ತಿಂಗಳು ಹೊಲ ಖಾಲಿ. ಹಿಂಗಾಗಿ ಕಾರ್ನ್‌ಫರ್ಡ್ ಅನ್ನೋ ಇಂಗ್ಲಿಷ್ ವಿದ್ವಾಂಸ 1913ರಲ್ಲಿ, ಅವನ ನಂತರ ಸ್ವೀಡನ್ನಿನ ನಿಲ್ಸನ್, ಏನಂದ್ರು ಅಂದ್ರೆ ಪರ್ಸೆಫೊನಿ ಪಾತಾಳಕ್ಕೆ ಹೋಗೋದು ಬೇಸಿಗೇಲೇ, ಅವಳು ಅಂದ್ರೆ ಕೊಯ್ದ ಕಾಳು, ಪಾತಾಳ ಅಂದ್ರೆ ಕಾಳು ತುಂಬಿಡೋ ನೆಲದಡಿ ಗುಂಡಿ. ಬಿತ್ತನೆ ಟೈಮಿಗೆ ಗುಂಡಿ ಬಾಯಿ ತೆಗೆದಾಗ ಅವಳು ಮೇಲೆ ಬರ್ತಾಳೆ.

ನಂಗೆ ಈ ವಾದ ಇಷ್ಟ, ಆದ್ರೆ ಪೂರ್ತಿ ಒಪ್ಪಲ್ಲ. ಯಾಕಂದ್ರೆ ಮೂಲ ಕಾವ್ಯ ಬೇರೇನೇ ಹೇಳತ್ತೆ. ಹೋಮರನ ಹೆಸರಲ್ಲಿರೋ ಡಿಮೀಟರ್ ಸ್ತೋತ್ರ ಅಂತ ಒಂದಿದೆ, ಹೋಮರ್ ಬರೆದಿದ್ದಲ್ಲ, ಸುಮಾರು 495 ಸಾಲು. ಕಾಲ ಅಂದಾಜು ಕ್ರಿ.ಪೂ. 7 ಅಥವಾ 6ನೇ ಶತಮಾನ. ಈ ಕಾವ್ಯ ಕಳೆದೇ ಹೋಗಿತ್ತು, 1777ರಲ್ಲಿ ಮಾಸ್ಕೋದಲ್ಲಿ ಒಂದು ಹಸ್ತಪ್ರತಿ ಸಿಕ್ತು, ಅದೀಗ ಹಾಲೆಂಡಿನ ಲೈಡನ್‌ನಲ್ಲಿದೆ. ಅದ್ರಲ್ಲಿ ಡಿಮೀಟರ್ ಬಾಯಲ್ಲೇ ಬರತ್ತೆ, ಭೂಮಿ ಮೇಲೆ ವಸಂತದ ಘಮಘಮ ಹೂವು ಅರಳಿದಾಗ ನೀನು ಕತ್ತಲಿಂದ ಮೇಲೆ ಬರ್ತೀಯ ಅಂತ. ವಸಂತ ಅಂದ್ಮೇಲೆ ಕಾರ್ನ್‌ಫರ್ಡ್ ಲೆಕ್ಕ ತಪ್ಪತ್ತಲ್ಲ.

ಜೋಳದರೊಟ್ಟಿ
ಹುಳಾ ಅವ್ರ, ಆ ಗುಂಡಿ ಅಂದ್ರ ನಮ್ಮ ಹಗೇವು ಅಲ್ರೀ?! ನಮ್ಮ ಅಜ್ಜನ ಮನ್ಯಾಗ ಪಡಸಾಲಿ ಮುಂದ ಇತ್ತು, ನಾ ಸಣ್ಣಾವ ಇದ್ದಾಗ ಮುಚ್ಚಿದ್ರು. ಒಳಗ ಸುತ್ತಲೂ ಹುಲ್ಲು ಹಚ್ಚಿ ಜೋಳ ತುಂಬಿ ಬಾಯಿಗೆ ಕಲ್ಲು ಇಟ್ಟು ಮ್ಯಾಲೆ ಮಣ್ಣು ಮೆತ್ತೂದು, ಮ್ಯಾಲೆ ಓಡಾಡಿದ್ರ ಕೆಳಗ ಏನೈತಿ ಅಂತ ಗೊತ್ತಾಗೂದಿಲ್ಲ. ತೆಗೆಯೂ ದಿನ ಹುಡುಗ್ರನ್ನ ಹತ್ರ ಬಿಡ್ತಿರಲಿಲ್ಲ, ಯಾಕಂದ್ರ ಒಳಗ ಕೆಟ್ಟ ಗಾಳಿ ಇರ್ತದ, ಇಳಿದಾವ ಉಸಿರುಗಟ್ಟಿ ಅಲ್ಲೇ ಸಾಯ್ತಾನ. ಕಂದೀಲು ಇಳಿಬಿಟ್ಟು ನೋಡ್ತಿದ್ರು, ದೀಪ ಆರಿತು ಅಂದ್ರ ಯಾರೂ ಇಳಿಯಂಗಿಲ್ಲ. ಕಾಳು ಇರೂ ಜಾಗ ಸಾವಿನ ಮನೀನೂ ಹೌದು ಅಂತ ಯಾರರ ಕಥಿ ಕಟ್ಟಿದ್ರ ನನಗೇನ ಆಶ್ಚರ್ಯ ಆಗೂದಿಲ್ಲ ಬಿಡ್ರಿ.

ಬೆಳ್ಳಿಚುಕ್ಕಿ
ಅಯ್ಯೋ @ಜೋಳದರೊಟ್ಟಿ ಮೈ ಜುಂ ಅಂತು.

ಹಳೇಪುಸ್ತಕದಹುಳ
@ಜೋಳದರೊಟ್ಟಿ ಅವ್ರೇ ನಿಮ್ಮ ಮಾತಿಗೆ ಒಂದು ಪುರಾವೆ ಕೊಡ್ತೀನಿ ನೋಡಿ. ಡಿಮೀಟರ್‌ನ ಮುಖ್ಯ ಕ್ಷೇತ್ರ ಎಲ್ಯೂಸಿಸ್, ಅಥೆನ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 21 ಕಿ.ಮೀ. ಕ್ರಿ.ಪೂ. 5ನೇ ಶತಮಾನದ ಒಂದು ಶಾಸನ ಸಿಕ್ಕಿದೆ, ಅಥೆನ್ಸ್ ಜನ ಮೊದಲ ಬೆಳೆಯಲ್ಲಿ ದೇವಿ ಪಾಲು ಎಷ್ಟು ಕೊಡಬೇಕು ಅನ್ನೋ ಕಾನೂನು ಅದು. ಜವೆಗೋಧೀಲಿ 600ಕ್ಕೆ 1 ಪಾಲು, ಗೋಧೀಲಿ 1200ಕ್ಕೆ 1. ಆ ಕಾಳು ಇಡೋಕೆ ಎಲ್ಯೂಸಿಸ್‌ನಲ್ಲಿ "ಪೂರ್ವಿಕರ ಪದ್ಧತಿ ಪ್ರಕಾರ" ಮೂರು ಸಿರೋಸ್ ಕಟ್ಟಿಸಿ ಅಂತ ಅದ್ರಲ್ಲೇ ಬರೆದಿದೆ. ಸಿರೋಸ್ ಅಂದ್ರೆ ಕಾಳಿನ ಗುಂಡಿ. ದೇವಿ ದೇವಸ್ಥಾನಕ್ಕೇ ಹಗೇವು!

ಕಡಲತಡಿ
ಇದೆಲ್ಲ ಸರಿ ಮಾರಾಯ್ರೆ, ಆದ್ರೆ ಆರು ದಾಳಿಂಬೆ ಕಾಳು ತಿಂದದ್ದಕ್ಕೆ ಆರು ತಿಂಗಳು ಅಂತ ಅಲ್ವಾ ಕಥೆ ಇರುದು? ಆರು ತಿಂಗಳಾದ್ರೆ ಬೇಸಿಗೆ ಚಳಿ ಎರಡೂ ಅದ್ರೊಳಗೇ ಬರ್ತದೆ.

ಹಳೇಪುಸ್ತಕದಹುಳ
ಆರು ಕಾಳು ಈಗಿನ ಮಕ್ಕಳ ಪುಸ್ತಕದ್ದು. ಸ್ತೋತ್ರದಲ್ಲಿ ಒಂದೇ ಒಂದು ದಾಳಿಂಬೆ ಕಾಳು, ಹೇಡೀಸ್ ಗುಟ್ಟಾಗಿ ತಿನ್ನಿಸ್ತಾನೆ, ವರ್ಷದ ಮೂರನೇ ಒಂದು ಭಾಗ ಕೆಳಗೆ, ಎರಡು ಭಾಗ ಅಮ್ಮನ ಜೊತೆ. ಅರ್ಧ-ಅರ್ಧ ಮಾಡಿದ್ದು ರೋಮನ್ ಕವಿ ಓವಿಡ್, ಅವನ ಒಂದು ಕಾವ್ಯದಲ್ಲಿ ಏಳು ಕಾಳು ಇನ್ನೊಂದ್ರಲ್ಲಿ ಮೂರು, ಅವನಿಗೇ ಲೆಕ್ಕ ಇಲ್ಲ. ರೋಮನ್ನರಲ್ಲಿ ಡಿಮೀಟರ್ ಹೆಸರು ಸೆರೆಸ್, ನಾವು ಬೆಳಗ್ಗೆ ಹಾಲಿಗೆ ಹಾಕ್ಕೊಂಡು ತಿನ್ನೋ ಸೀರಿಯಲ್ ಅನ್ನೋ ಪದ ಅವಳದ್ದೇ.

ಕಡಲತಡಿ
ಇನ್ನೊಂದು ವಿಷಯ. ದೇವರ ರಾಜ ಝ್ಯೂಸ್, ಡಿಮೀಟರ್, ಹೇಡೀಸ್ ಮೂವರೂ ಒಡಹುಟ್ಟಿದವರು. ಮಗಳ ಅಪ್ಪ ಝ್ಯೂಸ್. ಅಂದ್ರೆ ಹೇಡೀಸ್ ಆ ಹುಡುಗಿಗೆ ದೊಡ್ಡಪ್ಪನೂ ಹೌದು ಸೋದರಮಾವನೂ ಹೌದು. ಈ ಸಂಬಂಧ ಕೂಡ್ತದಾ ಇಲ್ವಾ ಅಂತ ನಮ್ಮ ಊರಿನ ಭಟ್ರ ಹತ್ರ ಕೇಳಿದ್ರೆ ಅವ್ರಿಗೂ ತಲೆ ತಿರುಗುದು ಖಂಡಿತ 😂

ಶಾಂತಲಕ್ಕ
ನಗೋದು ಆಮೇಲೆ, ಒಂದು ಮಾತು ಹೇಳ್ತೀನಿ ಕೇಳಿ. ನೀವೆಲ್ಲ ಕಾಲಮಾನ, ಬೆಳೆ, ಗುಂಡಿ ಅಂತಿದೀರ. ನಾನು ಸ್ತೋತ್ರದ ಅನುವಾದ ಓದಿದೀನಿ, ನಂಗೆ ಅದ್ರಲ್ಲಿ ಹವಾಮಾನಕ್ಕಿಂತ ಜಾಸ್ತಿ ಕಂಡಿದ್ದು ಮದುವೆ. ಅಪ್ಪ ಒಪ್ಪಿ ಕೊಟ್ಟಾಗಿದೆ, ಹೆತ್ತೋಳಿಗೆ ಒಂದು ಮಾತು ಹೇಳಿಲ್ಲ. ಹುಡುಗಿ ಗೆಳತೀರ ಜೊತೆ ಹೂ ಬಿಡಿಸ್ತಿದ್ದಾಳೆ, ನೂರು ಹೂವಿರೋ ನರ್ಗಿಸ್ ಗಿಡ ಕಾಣತ್ತೆ, ಕೀಳೋಕೆ ಕೈ ಚಾಚ್ತಾಳೆ, ನೆಲ ಬಾಯಿ ಬಿಡತ್ತೆ. ಅವಳ ಕೂಗು ಅಮ್ಮನಿಗೆ ಕೇಳತ್ತೆ, ಯಾವ ಕಡೆಯಿಂದ ಅಂತ ಗೊತ್ತಾಗಲ್ಲ. ಒಂಬತ್ತು ದಿನ ಕೈಲಿ ಪಂಜು ಹಿಡ್ಕೊಂಡು ಊಟ ಇಲ್ಲ ಸ್ನಾನ ಇಲ್ಲ ಅಲೀತಾಳೆ. ಆಗಿನ ಗ್ರೀಸ್‌ನಲ್ಲಿ ಹದಿನಾಲ್ಕು-ಹದಿನೈದಕ್ಕೆಲ್ಲ ಹೆಣ್ಮಕ್ಕಳನ್ನ ದೊಡ್ಡ ವಯಸ್ಸಿನ ಗಂಡಸಿಗೆ ಕೊಡ್ತಿದ್ರು, ಆ ಮನೆ ಈ ಮನೆ ಎಲ್ಲಾ ಅಮ್ಮಂದಿರಿಗೂ ಈ ಕಥೆ ಯಾರದ್ದು ಅಂತ ಗೊತ್ತಿತ್ತು.

ಮತ್ತೆ ಅವಳು ಸುಮ್ನೆ ಅತ್ಕೊಂಡು ಕೂರಲ್ಲ, ಅದು ಮಕ್ಕಳ ಪುಸ್ತಕದವರು ಮಾಡಿದ ಮೋಸ. ಅವಳು ಮಾಡೋದು ಮುಷ್ಕರ. ಬೀಜನ ನೆಲದೊಳಗೇ ಬಚ್ಚಿಡ್ತಾಳೆ, ಎತ್ತುಗಳು ನೇಗಿಲು ಎಳೆದಿದ್ದೇ ಎಳೆದಿದ್ದು, ಬಿತ್ತಿದ ಜವೆಗೋಧಿ ಒಂದೂ ಮೊಳೀಲಿಲ್ಲ. ಜನ ಸತ್ರೆ ದೇವರಿಗೆ ನೈವೇದ್ಯ ಇಡೋರು ಯಾರು? ಝ್ಯೂಸ್‌ಗೆ ಬಿಸಿ ತಟ್ಟಿದ್ದು ಅಲ್ಲಿ. ಮೊದಲು ದೇವರ ದೂತಿ ಐರಿಸ್‌ನ ಕಳಿಸ್ತಾನೆ, ಆಮೇಲೆ ಒಬ್ಬೊಬ್ರಾಗಿ ಎಲ್ಲಾ ದೇವರನ್ನೂ ಕಾಣಿಕೆ ಕೊಟ್ಟು ಕಳಿಸ್ತಾನೆ, ಮಗಳನ್ನ ಕಣ್ಣಲ್ಲಿ ನೋಡೋ ತನಕ ಆಗಲ್ಲ ಅಂತಾಳೆ, ಅಷ್ಟೇ.

ಹಳೇಪುಸ್ತಕದಹುಳ
ಶಾಂತಲಕ್ಕ, ಇದು ಪಾಯಿಂಟು. ನೀವು ಹೇಳ್ದಾಗ ಹೊಳೀತು, ಸ್ತೋತ್ರದಲ್ಲಿ ಬರಗಾಲ ಬರೋದು ಒಂದೇ ಸಲ, ಆ ಜಗಳದ ವರ್ಷ. ಪ್ರತಿ ವರ್ಷ ಮಗಳು ಹೋದಾಗ್ಲೂ ಭೂಮಿ ಒಣಗತ್ತೆ ಅಂತ ಅದ್ರಲ್ಲಿ ಬಾಯಿ ಬಿಟ್ಟು ಹೇಳಿಲ್ಲ. ಅದು ನಾವು ಆಮೇಲೆ ಸೇರಿಸ್ಕೊಂಡಿದ್ದು. ಹಂಗಾಗಿ @ಬೆಳ್ಳಿಚುಕ್ಕಿ ಪ್ರಶ್ನೆಗೆ ನನ್ನ ಉತ್ತರ ಬದಲಾಯಿಸ್ಕೊಂಡೆ: ಚಳಿಗಾಲಾನಾ ಬೇಸಿಗೇನಾ ಅನ್ನೋದು ಕಾವ್ಯಕ್ಕೆ ಕೇಳಬೇಕಾದ ಪ್ರಶ್ನೆ ಅಲ್ಲ. ಅದನ್ನ ಹಬ್ಬಗಳಿಗೆ ಕೇಳ್ಬೇಕು.

ಮೈಸೂರ್ಪಾಕು
ಹಬ್ಬ ಅಂದ್ರೆ ಏನ್ ಮಾಡ್ತಿದ್ರು? ಸಿಹಿ ಇತ್ತಾ

ಶಾಂತಲಕ್ಕ
ಸಿಹಿ ಇಲ್ಲ, ಕೊಳೆತ ಹಂದಿಮರಿ ಇತ್ತು. ತಮಾಷೆ ಅಲ್ಲ. ಥೆಸ್ಮೊಫೋರಿಯಾ ಅಂತ ಹೆಂಗಸರ ಹಬ್ಬ, ಅಥೆನ್ಸ್‌ನಲ್ಲಿ ಮೂರು ದಿನ, ಅಕ್ಟೋಬರ್-ನವೆಂಬರ್ ಹೊತ್ತಿಗೆ, ಸರಿಯಾಗಿ ಬಿತ್ತನೆ ಮುಂಚೆ. ಗಂಡಸರಿಗೆ ನೋ ಎಂಟ್ರಿ, ಖರ್ಚು ಮಾತ್ರ ಗಂಡಂದು. ಊರಿನ ಮದುವೆಯಾದ ಹೆಂಗಸರು ಮನೆ ಬಿಟ್ಟು ಬಂದು ಗುಡಾರ ಹಾಕ್ಕೊಂಡು ಅಲ್ಲೇ ಇರ್ತಿದ್ರು. ಎರಡನೇ ದಿನ ಉಪವಾಸ, ಡಿಮೀಟರ್ ಕೂತ ಹಾಗೆ ನೆಲದ ಮೇಲೇ ಕೂರ್ಬೇಕು. ನೆಲಕ್ಕೆ ಬಿದ್ದ ದಾಳಿಂಬೆ ಕಾಳು ತಿನ್ನೋ ಹಾಗಿಲ್ಲ. ಮತ್ತೆ ಒಬ್ರಿಗೊಬ್ರು ಸಿಕ್ಕಾಪಟ್ಟೆ ಪೋಲಿ ಮಾತಾಡೋದು, ಅದೂ ವ್ರತದ ಭಾಗಾನೇ. ಸ್ತೋತ್ರದಲ್ಲಿ ಯಾಂಬಿ ಅನ್ನೋ ಕೆಲಸದವಳು ತಮಾಷೆ ಮಾಡಿ ಕೊರಗ್ತಿದ್ದ ದೇವಿನ ನಗಿಸ್ತಾಳಲ್ಲ, ಅದ್ರ ನೆನಪಿಗೆ.

ಇನ್ನು ಹಂದಿ. ಮೆಗರಾ ಅಂತ ಗುಂಡಿಗಳು, ಅದ್ರೊಳಗೆ ಹಂದಿಮರಿ, ಪೈನ್ ಕೊಂಬೆ, ಹಿಟ್ಟಲ್ಲಿ ಮಾಡಿದ ಹಾವು ಇಂಥವನ್ನೆಲ್ಲ ಎಸೆದಿರ್ತಿದ್ರು. ಎಸೀತಿದ್ದಿದ್ದು ಯಾವಾಗ ಅನ್ನೋದ್ರಲ್ಲಿ ಜಗಳ ಇದೆ, ಕೆಲವರು ಬೇಸಿಗೆಯ ಇನ್ನೊಂದು ಹಬ್ಬದಲ್ಲಿ ಅಂತಾರೆ. ಮೂರು ದಿನ ಮಡಿಯಲ್ಲಿದ್ದ ಹೆಂಗಸರು ಆ ಗುಂಡಿಗೆ ಇಳಿದು ಕೊಳೆತಿದ್ದನ್ನ ಬಾಚಿ ಮೇಲಕ್ಕೆ ತರ್ಬೇಕು. ಒಳಗೆ ಹಾವು ಇರ್ತಾವೆ ಅಂತ ಚಪ್ಪಾಳೆ ತಟ್ಟಿ ಸದ್ದು ಮಾಡ್ತಾ ಇಳಿಯೋದು. ತಂದಿದ್ದನ್ನ ಬಲಿಪೀಠದ ಮೇಲೆ ಇಡ್ತಿದ್ರು, ಅದ್ರಲ್ಲಿ ಸ್ವಲ್ಪ ತಗೊಂಡು ಬಿತ್ತೋ ಬೀಜಕ್ಕೆ ಬೆರೆಸಿದ್ರೆ ಬೆಳೆ ಚೆನ್ನಾಗಿ ಬರತ್ತೆ ಅಂತ ನಂಬಿಕೆ. ಕಥೆ ಕಟ್ಟೋಕೆ ಬೇಕಾದ್ರೆ ಹೇಡೀಸ್ ರಥ ಭೂಮಿಗೆ ಇಳಿದಾಗ ಯೂಬುಲಿಯಸ್ ಅನ್ನೋ ಹಂದಿ ಕಾಯೋನ ಹಂದಿಗಳೂ ಜೊತೆಗೆ ಒಳಗೆ ಬಿದ್ವು ಅಂತ ಹೇಳ್ತಿದ್ರು.

ಜೋಳದರೊಟ್ಟಿ
ಅಂದ್ರ ಗೊಬ್ಬರ. ಸುತ್ತಿ ಬಳಸಿ ಗೊಬ್ಬರಕ್ಕ ಬಂದ್ರು. ಬೀಜೋಪಚಾರ ಅಂತ ಕೃಷಿ ಇಲಾಖೆಯವ್ರು ಈಗ ಹೇಳ್ತಾರ ನೋಡ್ರಿ.

ಟೆಕ್ಕಿ_ತಿಮ್ಮ
ಯಾರೂ ಎಲ್ಯೂಸಿಸ್ ರಹಸ್ಯದ ಬಗ್ಗೆ, ಅದೇ ಡಿಮೀಟರ್ ಹೆಸರಲ್ಲಿ ಗುಟ್ಟಾಗಿ ಕೊಡ್ತಿದ್ದ ದೀಕ್ಷೆ ಬಗ್ಗೆ, ಮಾತಾಡ್ಲೇ ಇಲ್ವಲ್ಲ. ಅಲ್ಲಿ ಜನಕ್ಕೆ ಕುಡಿಸ್ತಿದ್ದಿದ್ದು ಡ್ರಗ್ಸ್ ಅಂತ ಒಂದು ಪಾಡ್‌ಕಾಸ್ಟ್‌ನಲ್ಲಿ ಕೇಳಿದ್ದೆ, ಎಲ್‌ಎಸ್‌ಡಿ ಕಂಡುಹಿಡಿದವನೇ ಹೇಳಿದಾನಂತೆ.

ಹಳೇಪುಸ್ತಕದಹುಳ
ಬಂತಪ್ಪ. ಇದು ಬರದೆ ಈ ಟಾಪಿಕ್ ಮುಗಿಯಲ್ಲ ಅಂತ ಗೊತ್ತಿತ್ತು.

ಹೌದು, 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದ ಆಲ್ಬರ್ಟ್ ಹಾಫ್‌ಮನ್, ಅಣಬೆ ಹಿಂದೆ ಬಿದ್ದಿದ್ದ ವಾಸನ್, ಗ್ರೀಕ್ ಪಂಡಿತ ರಕ್, ಮೂವರೂ ಸೇರಿ 1978ರಲ್ಲಿ ಈ ವಾದ ಮಾಡಿದ್ರು. ಎಲ್ಯೂಸಿಸ್‌ನಲ್ಲಿ ಉಪವಾಸ ಮುರೀತಿದ್ದಿದ್ದು ಕಿಕಿಯಾನ್ ಅನ್ನೋ ಪೇಯ ಕುಡಿದು. ಸ್ತೋತ್ರದಲ್ಲೇ ರೆಸಿಪಿ ಇದೆ, ದೇವಿ ವೈನ್ ಬೇಡ ಅಂದು ಕೇಳಿ ಮಾಡಿಸ್ಕೊಂಡಿದ್ದು: ಜವೆಗೋಧಿ ಹಿಟ್ಟು, ನೀರು, ಪುದೀನ ಜಾತಿಯ ಒಂದು ಸೊಪ್ಪು. ಜವೆಗೋಧಿ ತೆನೆಗೆ ಬರೋ ಎರ್ಗಾಟ್ ಅನ್ನೋ ಬೂಷ್ಟಿನಲ್ಲಿ ಎಲ್‌ಎಸ್‌ಡಿಗೆ ಹತ್ತಿರದ ರಾಸಾಯನಿಕ ಇರತ್ತೆ, ಅದನ್ನೇ ಬೆರೆಸ್ತಿದ್ರು ಅಂತ ಅವ್ರ ಊಹೆ. ನಾನು ನಂಬಲ್ಲ. ಎರ್ಗಾಟ್ ತಿಂದ್ರೆ ಕೈಕಾಲು ಕೊಳೆತು ಹೋಗತ್ತೆ, ಸೆಳವು ಬರತ್ತೆ. ಪ್ರತಿ ವರ್ಷ ಅಷ್ಟೊಂದು ಜನಕ್ಕೆ ಕುಡಿಸಿ, ಅದೂ ಶತಮಾನಗಳ ಕಾಲ, ಒಬ್ಬನೂ ಹೊಟ್ಟೆ ಹಿಡ್ಕೊಂಡು ಬಿದ್ದ ಅಂತ ಯಾರೂ ಬರೀಲಿಲ್ಲ ಅಂದ್ರೆ ಹೆಂಗೆ?

ಜೋಳದರೊಟ್ಟಿ
ಎರ್ಗಾಟ್ ಸಜ್ಜಿಗೂ ಬರ್ತದ ತಿಮ್ಮಣ್ಣ. ತೆನಿಯಿಂದ ಜೇನಿನಂಥ ಅಂಟು ಸೋರ್ತದ, ಆಮ್ಯಾಲೆ ಕಾಳಿನ ಜಾಗದಾಗ ಕರೇ ಕೊಂಬಿನಂಥಾದ್ದು ಏಳ್ತದ. ಉಪ್ಪು ನೀರಿನ್ಯಾಗ ಬೀಜ ಹಾಕಿದ್ರ ಅವು ತೇಲ್ತಾವ, ತೆಗೆದು ಚೆಲ್ಲತೇವಿ. ಟ್ರಿಪ್ ಹೋಗೂ ಆಸೆ ಇದ್ರ ಬ್ಯಾರೆ ದಾರಿ ನೋಡ್ರಿ.

ಟೆಕ್ಕಿ_ತಿಮ್ಮ
ಓಕೆ ಓಕೆ 🙏 ಹಂಗಾದ್ರೆ ಒಳಗೆ ಏನ್ ನಡೀತಿತ್ತು?

ಹಳೇಪುಸ್ತಕದಹುಳ
ಹೊರಗೆ ನಡೀತಿದ್ದಿದ್ದು ಚೆನ್ನಾಗಿ ಗೊತ್ತು. ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ, ಅಂದ್ರೆ ಮಳೆಗೆ ಮುಂಚೆ. ದೀಕ್ಷೆ ತಗೊಳ್ಳೋರೆಲ್ಲ ಒಂದಿನ "ಸಮುದ್ರಕ್ಕೆ ನಡೀರಿ" ಅಂತ ಕೂಗು ಬಿದ್ರೆ ತಂತಮ್ಮ ಹಂದಿಮರಿ ಎತ್ಕೊಂಡು ಹೋಗಿ ಅದ್ರ ಜೊತೆ ಸಮುದ್ರದಲ್ಲಿ ಮೀಯಬೇಕು. ಆಮೇಲೆ ಅಥೆನ್ಸ್‌ನಿಂದ ಎಲ್ಯೂಸಿಸ್‌ಗೆ ಮೆರವಣಿಗೆ, ದಾರಿಯಲ್ಲಿ ಸೇತುವೆ ಹತ್ರ ಮುಖ ಮುಚ್ಕೊಂಡ ಜನ ನಿಂತು ದೊಡ್ಡ ದೊಡ್ಡ ಮನುಷ್ಯರನ್ನೆಲ್ಲ ಹೆಸರು ಹಿಡಿದು ಬೈಯೋದು. ಆ ದಾರಿಯ ಹೆಸರು ಪವಿತ್ರ ದಾರಿ, ಅಥೆನ್ಸ್‌ನಲ್ಲಿ ಈಗ್ಲೂ ಇಯೆರಾ ಓಡೊಸ್ ಅಂತ ರಸ್ತೆ ಇದೆ, ಅದೇ ಅರ್ಥ. ಗ್ರೀಕ್ ಮಾತಾಡೋ ಯಾರಾದ್ರೂ ಸೇರಬಹುದಿತ್ತು, ಗಂಡಸು ಹೆಂಗಸು ಗುಲಾಮ ಭೇದ ಇಲ್ಲ, ಕೊಲೆ ಮಾಡಿದವರಿಗೆ ಮಾತ್ರ ಇಲ್ಲ. ಅಮ್ಮನ್ನ ಕೊಂದ ನೀರೋ ಚಕ್ರವರ್ತಿ ಗ್ರೀಸ್‌ಗೆ ಬಂದಾಗ ಆ ಕಡೆ ತಲೆ ಹಾಕ್ಲಿಲ್ಲವಂತೆ.

ಒಳಗಿಂದು ಹೇಳಿದ್ರೆ ಮರಣದಂಡನೆ. ಕ್ರಿ.ಪೂ. 415ರಲ್ಲಿ ಆಲ್ಸಿಬಯಾಡೀಸ್ ಅನ್ನೋ ಸೇನಾಪತಿ ಕುಡಿದ ಮತ್ತಲ್ಲಿ ಮನೇಲಿ ಈ ರಹಸ್ಯದ ಅಣಕು ಮಾಡ್ದ ಅಂತ ಕೇಸ್ ಆಯ್ತು, ಯುದ್ಧಕ್ಕೆ ಹೋಗಿದ್ದವನನ್ನ ವಿಚಾರಣೆಗೆ ವಾಪಸ್ ಕರೆಸಿದ್ರೆ ದಾರಿಯಲ್ಲೇ ತಪ್ಪಿಸ್ಕೊಂಡು ಓಡಿಹೋದ. ಎಷ್ಟೋ ಶತಮಾನ, ಲೆಕ್ಕವಿಲ್ಲದಷ್ಟು ಜನ, ಆದ್ರೂ ಬಾಯಿ ಬಿಟ್ಟವರಿಲ್ಲ. ನಂತರದ ಒಬ್ಬ ಕ್ರೈಸ್ತ ಲೇಖಕ, ವೈರಿ ಪಕ್ಷದವನು, ಒಂದು ಮಾತು ಬರೆದಿಟ್ಟಿದಾನೆ: ಅಷ್ಟು ದೊಡ್ಡ ರಹಸ್ಯ ಅಂತ ಕೊನೆಗೆ ತೋರಿಸ್ತಿದ್ದಿದ್ದು ಮೌನವಾಗಿ ಕೊಯ್ದ ಒಂದು ತೆನೆ. ಅವನು ಅದನ್ನ ಗೇಲಿ ಮಾಡೋಕೆ ಬರೆದದ್ದು. ನಿಜವೋ ಸುಳ್ಳೋ ಬಿಡಿ, ಆದ್ರೆ ದಿನಗಟ್ಟಲೆ ಉಪವಾಸ ಇದ್ದು, ಕತ್ತಲಲ್ಲಿ ನಿಂತು, ಪಂಜಿನ ಬೆಳಕಲ್ಲಿ ಒಂದು ತೆನೆ ಕಂಡ್ರೆ ಅದು ಸಣ್ಣ ವಿಷಯ ಅಂತ ನಂಗನ್ಸಲ್ಲ.

ಕಡಲತಡಿ
ಕಿಕಿಯಾನ್ ನಾನು ಮಾಡಿ ನೋಡಿದೆ! ಬಾರ್ಲಿ ಹುರಿದು ಮಿಕ್ಸಿಗೆ ಹಾಕಿ ನೀರಲ್ಲಿ ಕದಡಿ ಪುದೀನ ಹಾಕಿದ್ದು. ಅಂಬಲಿಗೆ ಟೂತ್‌ಪೇಸ್ಟ್ ಬಿದ್ದ ಹಾಗೆ ಉಂಟು. ಸ್ವಲ್ಪ ಉಪ್ಪು ಮಜ್ಜಿಗೆ ಸೇರಿಸಿದ ಮೇಲೆ ಕುಡಿಲಿಕ್ಕಾಯ್ತು, ದೇವಿ ಕ್ಷಮಿಸಲಿ.

ಮೈಸೂರ್ಪಾಕು
ಡಿಮೀಟರ್ ಅಂದ್ರೆ ಧರಾ ಮಾತಾ ತಾನೇ? ನಮ್ಮ ಭೂದೇವಿನೇ ಅಲ್ಲಿಗೆ ಹೋಗಿ ಡಿಮೀಟರ್ ಆಗಿದ್ದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಹಳೇಪುಸ್ತಕದಹುಳ
ಗುರೂ ಬೇಡ. "ಮೀಟರ್" ಅಂದ್ರೆ ಅಮ್ಮ, ಸಂಸ್ಕೃತದ ಮಾತೃ ಜೊತೆ ಒಂದೇ ಬೇರು, ಅಲ್ಲಿಗೆ ನಿಜ. "ಡೀ" ಏನು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ, ಭೂಮಿ ಅಂತ ಹಳೇ ಕಾಲದವರೇ ಹೇಳ್ತಿದ್ರು, ಭಾಷಾಶಾಸ್ತ್ರದವರು ತಲೆ ಅಲ್ಲಾಡಿಸ್ತಾರೆ. ಮತ್ತೆ ಗ್ರೀಕರಿಗೆ ಭೂದೇವಿ ಬೇರೇನೇ ಇದ್ದಾಳೆ, ಗಾಯಾ ಅಂತ. ಮಗಳಿಗೆ ಬಲೆ ಹಾಕಿದ ಆ ನರ್ಗಿಸ್ ಹೂವನ್ನ ಬೆಳೆಸಿಕೊಟ್ಟಿದ್ದೇ ಅವಳು!

ಚಳಿನಾಡಕನ್ನಡಿಗ
ಲೇಟಾಗಿ ಬಂದೆ, ಆದ್ರೆ ಗೊಬ್ಬರದ ಮಾತು ಬಂದಿದ್ದಕ್ಕೆ ಬರೀಲೇಬೇಕು. ನಾನು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರೋದು. ಇಲ್ಲಿ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ಎಲ್ಯೂಸಿಸ್‌ನ ಒಂದು ದೊಡ್ಡ ಅಮೃತಶಿಲೆ ವಿಗ್ರಹ ಇದೆ, ಸೊಂಟದಿಂದ ಮೇಲಷ್ಟೇ, ತಲೆ ಮೇಲೆ ದುಂಡನೆ ಪೆಟ್ಟಿಗೆ, ಮುಖ ಪೂರ್ತಿ ಸವೆದು ಹೋಗಿದೆ. ಪೆಟ್ಟಿಗೆ ಮೇಲೆ ಮಾತ್ರ ತೆನೆ, ಗಸಗಸೆ ಕಾಯಿ ಕೆತ್ತಿದ್ದು ಇವತ್ತಿಗೂ ಕಾಣತ್ತೆ.

1801ರಲ್ಲಿ ಕ್ಲಾರ್ಕ್ ಅನ್ನೋ ಇಂಗ್ಲಿಷಿನವನು ಎಲ್ಯೂಸಿಸ್‌ಗೆ ಹೋದಾಗ ಈ ವಿಗ್ರಹ ಎಲ್ಲಿತ್ತು ಗೊತ್ತಾ, ತಿಪ್ಪೆಯಲ್ಲಿ. ಕುತ್ತಿಗೆ ತನಕ ಗೊಬ್ಬರ. ಬಿಸಾಕಿದ್ದಲ್ಲ, ಊರಿನ ಜನ ಬೇಕು ಅಂತಲೇ ಅದ್ರ ಸುತ್ತ ಗೊಬ್ಬರ ಪೇರಿಸ್ತಿದ್ರು, ಅವಳಿದ್ರೇನೇ ಹೊಲ ಫಲಿಸೋದು ಅಂತ. ಕ್ರೈಸ್ತರಾಗಿ ಸಾವಿರ ವರ್ಷದ ಮೇಲಾಗಿತ್ತು, ಆದ್ರೂ ದೀಪ ಹಚ್ಚೋದು ಬಿಟ್ಟಿರ್ಲಿಲ್ಲ. ಕ್ಲಾರ್ಕ್ ಆಗ ಆಳ್ತಿದ್ದ ತುರ್ಕಿ ಅಧಿಕಾರಿ ಕೈಲಿ ಪರವಾನಗಿ ತಗೊಂಡು ಸಾಗಿಸೋಕೆ ಶುರು ಮಾಡ್ದ. ಹಿಂದಿನ ಸಂಜೆ ಒಂದು ಎತ್ತು ಹಗ್ಗ ಕಿತ್ಕೊಂಡು ಬಂದು ವಿಗ್ರಹಕ್ಕೆ ಹಾಯ್ದು ಅರಚ್ತಾ ಬಯಲಿಗೆ ಓಡ್ತಂತೆ, ಜನ ಹೆದರಿ ಮುಟ್ಟೋಕೇ ಒಪ್ಲಿಲ್ಲ, ಊರಿನ ಪಾದ್ರಿನೇ ಬಂದು ಮೊದಲು ಕೈ ಹಚ್ಚಬೇಕಾಯ್ತು. ಇವಳನ್ನ ಹೊತ್ತ ಹಡಗು ಮುಳುಗತ್ತೆ ಅಂದ್ರಂತೆ. ಮುಳುಗಿತು ಕೂಡ, ಇಂಗ್ಲೆಂಡ್ ತೀರಕ್ಕೆ ಬಂದು ಬೀಚಿ ಹೆಡ್ ಹತ್ರ. ವಿಗ್ರಹನ ಮಾತ್ರ ಎತ್ತಿ ತಂದ್ರು.

ಆಮೇಲೆ ನೋಡಿದ್ರೆ ಅವಳು ಡಿಮೀಟರ್ ಅಲ್ಲವೇ ಅಲ್ಲ. ಒಳಗಿನ ಒಂದು ದ್ವಾರದಲ್ಲಿ ಕಂಬದ ಬದಲು ನಿಲ್ಲಿಸಿದ್ದ ಎರಡು ಹೆಣ್ಣು ವಿಗ್ರಹದಲ್ಲಿ ಒಂದು, ದೇವಿ ಪೆಟ್ಟಿಗೆ ಹೊತ್ತ ಸೇವಕಿ. ಜೋಡಿಯಲ್ಲಿ ಇನ್ನೊಬ್ಬಳು ಎಲ್ಯೂಸಿಸ್ ಮ್ಯೂಸಿಯಂನಲ್ಲೇ ಇದಾಳೆ, ಅವಳ ಮುಖ ಚೆನ್ನಾಗಿದೆ.

ಶಾಂತಲಕ್ಕ
ಜನಕ್ಕೆ ಅದು ದೇವಿ ಹೌದೋ ಅಲ್ವೋ ಅನ್ನೋದು ಮುಖ್ಯ ಆಗಿರ್ಲಿಲ್ಲ ಬಿಡಿ. ಕೆಲಸ ಮಾಡ್ತಿದ್ಲಲ್ಲ.

ಬೆಳ್ಳಿಚುಕ್ಕಿ
@ಚಳಿನಾಡಕನ್ನಡಿಗ ಈಗ ಹೊಟ್ಟೆ ಉರೀತಿದೆ, ಅಥೆನ್ಸ್ ತನಕ ಹೋಗಿ ಎಲ್ಯೂಸಿಸ್ ನೋಡದೆ ಬಂದೆ. ಅಲ್ಲಿ ಈಗ ಏನಿದೆ?

ಚಳಿನಾಡಕನ್ನಡಿಗ
ಈಗಿನ ಹೆಸರು ಎಲೆಫ್ಸಿನಾ. ತೈಲ ಸಂಸ್ಕರಣಾಗಾರ, ಹಡಗುಕಟ್ಟೆ, ಸಿಮೆಂಟು, ಹೊಗೆ. 2023ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಮಾಡಿದ್ರು. ದೇವಸ್ಥಾನ ಕ್ರಿ.ಶ. 396ರ ಹೊತ್ತಿಗೆ ಗೋಥ್ ಜನರ ನಾಯಕ ಅಲಾರಿಕ್‌ನ ದಾಳಿ ಆದ್ಮೇಲೆ ಎದ್ದೇಳಲಿಲ್ಲ, ಈಗ ಚೌಕಾಕಾರದ ದೊಡ್ಡ ಸಭಾಂಗಣದ ತಳ, ಬಂಡೆ ಕೊರೆದು ಮಾಡಿದ ಮೆಟ್ಟಿಲು ಉಳಿದಿದೆ. ಅಮ್ಮ ಕೂತು ಅತ್ತಿದ್ದು ಅಂತ ಹೇಳೋ ಬಾವಿನೂ ಇದೆ, ಹೆಬ್ಬಾಗಿಲ ಪಕ್ಕಕ್ಕೇ. ಜುಲೈನಲ್ಲಿ ಹೋಗ್ಬೇಡಿ, ನೆರಳಿಲ್ಲ.

ಜೋಳದರೊಟ್ಟಿ
ನಿನ್ನೆ ರಾತ್ರಿ ಅವ್ವಗ ಫೋನ್ ಹಚ್ಚಿ ಹಗೇವಿನ ಬಗ್ಗೆ ಕೇಳಿದೆ, ನಾ ಬರೆದದ್ದರಾಗ ತಪ್ಪೈತಿ, ತಿದ್ದತೇನಿ. ಬಾಯಿ ತೆಗೆದ ಕೂಡಲೇ ಕಂದೀಲು ಬಿಡ್ತಿರಲಿಲ್ಲಂತ, ಮೊದಲ ಒಂದು ದಿನ ಪೂರ್ತಿ ಹಂಗ ತೆರೆದಿಟ್ಟು ಆಮ್ಯಾಲೆ ಬಿಡ್ತಿದ್ರಂತ. ಇಳೀತಿದ್ದಾವ ಅಜ್ಜ ಅಲ್ಲ, ಸಪೂರ ಮೈಯಾಗಿದ್ದ ನಮ್ಮ ಸಣ್ಣ ಕಾಕಾ, ಸೊಂಟಕ್ಕ ಹಗ್ಗ ಕಟ್ಟಿ. ಮ್ಯಾಲಿಂದ ಅಜ್ಜಿ ಅವನ ಹೆಸರು ಹಿಡಿದು ಒದರ್ತಾನ ಇರ್ತಿದ್ಲಂತ, ಅಂವ ಓ ಅನ್ನೂದು ನಿಂತ್ರ ಹಗ್ಗ ಜಗ್ಗಾಕ. ಗ್ವಾಡಿಗೆ ಹತ್ತಿದ ಕಾಳು ಮುಗ್ಗಾಗಿ ಕರ್ರಗ ಇರ್ತಿದ್ವಂತ, ಅವು ದನಕ್ಕ. ನಡುವಿನ ಕಾಳು ಬಿತ್ತಾಕ.